ತೊಪ್ಪೂರು ಘಾಟಿಯಿಂದ ಶಾಲೆಯ ಬಾಗಿಲವರೆಗೆ: ವಾಹನ ಚಾಲನೆಯಲ್ಲಿ ದಿನವೂ ನಡೆಯುವ ತಪ್ಪುಗಳು

ಬೆಂಗಳೂರಿನಿಂದ ಸೇಲಂಗೆ ಬರುವ ರಾಷ್ಟ್ರೀಯ ಹೆದ್ದಾರಿ 44, ಧರ್ಮಪುರಿಯನ್ನು ದಾಟಿ ಪಾಳಯಂ ಟೋಲ್‌ಗೇಟನ್ನು ಕಳೆದ ಮೇಲೆ ತೊಪ್ಪೂರಿನ ಕಡೆಗೆ ಇಳಿಯತೊಡಗುತ್ತದೆ. ಎರಡೂ ಬದಿಗೆ ಗುಡ್ಡ, ನಡುವೆ ಬಾಗುತ್ತ ಇಳಿಯುವ ರಸ್ತೆ, ಕೆಳಗೆ ಜೋಡಿ ಸೇತುವೆ. ನೋಡುವುದಕ್ಕೆ ಭಯಂಕರವಾದ ಘಾಟಿಯೇನಲ್ಲ, ಅಪಾಯವಿರುವುದೂ ಅದರಲ್ಲಿಯೇ. 2020ರ ಡಿಸೆಂಬರ್ 12ರಂದು ಸಿಮೆಂಟ್ ಹೇರಿಕೊಂಡು ಇಳಿಯುತ್ತಿದ್ದ ಲಾರಿಯೊಂದು ಇಲ್ಲಿ ಹತ್ತಕ್ಕೂ ಹೆಚ್ಚು ವಾಹನಗಳಿಗೆ ಅಪ್ಪಳಿಸಿ ನಾಲ್ವರು ಸತ್ತರು. 2024ರ ಜನವರಿ 24ರಂದು ಮತ್ತೊಂದು ಲಾರಿ ಮುಂದಿನ ಲಾರಿಗೆ ಗುದ್ದಿತು. ನಡುವೆ ಸಿಲುಕಿದ ಕಾರು ಹೊತ್ತಿ ಉರಿಯಿತು. ಆಗಲೂ ನಾಲ್ವರು ಸತ್ತರು. ಎರಡೂ ಅಪಘಾತಗಳು ನಡೆದದ್ದು ಇದೇ ಇಳಿಜಾರಿನಲ್ಲಿ.

ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡಿಗರಿಗೆ ಈ ರಸ್ತೆ ನಿತ್ಯದ ದಾರಿ. 1965ರವರೆಗೆ ಧರ್ಮಪುರಿಯೂ ಸೇಲಂ ಜಿಲ್ಲೆಯ ಭಾಗವೇ ಆಗಿದ್ದುದರಿಂದ ಬಂಧುತ್ವ, ವ್ಯಾಪಾರ, ಆಸ್ಪತ್ರೆ ಎಲ್ಲವೂ ಇಂದಿಗೂ ಈ ಘಾಟಿಯ ಎರಡು ತುದಿಗಳಿಗೆ ಹಂಚಿಹೋಗಿವೆ. ಕೊಳ್ಳೇಗಾಲದಿಂದ, ಬೆಂಗಳೂರಿನಿಂದ ಮದುವೆಗೆ ಬರುವ ನೆಂಟರು ಕೂಡ ಇದೇ ರಸ್ತೆಗಳನ್ನು ಹಿಡಿದು ಬರುತ್ತಾರೆ. ಆದ್ದರಿಂದ ಚಾಲನೆಯಲ್ಲಿ ನಡೆಯುವ ಸಾಮಾನ್ಯ ತಪ್ಪುಗಳನ್ನೂ ಅವುಗಳಿಂದ ತಪ್ಪಿಸಿಕೊಳ್ಳುವ ಬಗೆಯನ್ನೂ ನಮ್ಮ ರಸ್ತೆಗಳಿಗೆ ಅನ್ವಯಿಸಿ ಇಲ್ಲಿ ಬರೆಯುತ್ತಿದ್ದೇವೆ. ಲಾರಿ ಚಾಲಕರು ಮಾತ್ರವಲ್ಲದೆ ಎಕ್ಸ್‌ಎಲ್ ಏರಿ ಹಾಲಿನ ಡೈರಿಗೆ ಹೋಗುವವರೂ ಇದನ್ನು ಓದಬೇಕೆಂಬುದು ನಮ್ಮ ಆಸೆ.

ನ್ಯೂಟ್ರಲ್‌ನಲ್ಲಿ ಇಳಿಯುವುದು

ಇಳಿಜಾರು ಬಂದೊಡನೆ ಗೇರನ್ನು ನ್ಯೂಟ್ರಲ್‌ಗೆ ತಂದು, ಕೆಲವರು ಎಂಜಿನ್ನನ್ನೂ ನಿಲ್ಲಿಸಿ, ಗಾಡಿಯನ್ನು ತನ್ನಷ್ಟಕ್ಕೆ ಉರುಳಲು ಬಿಡುವ ಅಭ್ಯಾಸ ಇಲ್ಲಿ ಬಹಳ ಹಳೆಯದು. ಸಂಕಗಿರಿ, ನಾಮಕ್ಕಲ್ ಕಡೆಯ ಲಾರಿ ಉದ್ಯಮದ ನೆರಳಿನಲ್ಲಿ ಬೆಳೆದ ನಮ್ಮ ಹುಡುಗರು ಕ್ಲೀನರ್ ಆಗಿ ಸೇರಿದ ಮೊದಲ ವರ್ಷದಲ್ಲಿಯೇ ಇದನ್ನು ಗುರುವಿನಿಂದ ಕಲಿಯುತ್ತಾರೆ. ಕಾರಣ ಕೇಳಿದರೆ ಒಂದೇ ಉತ್ತರ: ಡೀಸೆಲ್ ಉಳಿಯುತ್ತದೆ.

ಉಳಿಯುವುದಿಲ್ಲ. ಇಂದಿನ ಎಲೆಕ್ಟ್ರಾನಿಕ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗಾಡಿ ಗೇರಿನಲ್ಲಿದ್ದು, ಚಾಲಕ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಹರಿಯುವುದೇ ನಿಲ್ಲುತ್ತದೆ. ಉರುಳುವ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ಗೆ ತಂದರೆ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿದು, ಎಂಜಿನ್ ಆರದಂತೆ ಉಳಿಯಲು ಡೀಸೆಲ್ ಸುಡಲೇಬೇಕಾಗುತ್ತದೆ. ಹಳೆಯ ಪಂಪಿನ ಗಾಡಿಗಳ ಕಾಲದಲ್ಲಿ ಹುಟ್ಟಿದ ಲೆಕ್ಕವೊಂದು ಗಾಡಿ ಬದಲಾದರೂ ಬದಲಾಗದೆ ಉಳಿದುಕೊಂಡಿದೆ. ಎಂಜಿನ್ ನಿಲ್ಲಿಸಿದರೆ ಇನ್ನೂ ಕೇಡು. ಲಾರಿಯ ಬ್ರೇಕ್ ನಡೆಯುವುದು ಗಾಳಿಯ ಒತ್ತಡದಿಂದ. ಗಾಳಿ ತುಂಬುವ ಕಂಪ್ರೆಸರ್ ನಡೆಯುವುದು ಎಂಜಿನ್ನಿನಿಂದ. ಎಂಜಿನ್ ನಿಂತ ಮೇಲೆ ಪದೇಪದೇ ಬ್ರೇಕ್ ತುಳಿದರೆ ಟ್ಯಾಂಕಿನ ಗಾಳಿ ಖಾಲಿಯಾಗುತ್ತ ಹೋಗುತ್ತದೆ. ಕಾರಿನಲ್ಲಿಯೂ ಎಂಜಿನ್ ನಿಂತರೆ ಎರಡು ಮೂರು ಬಾರಿ ತುಳಿಯುವಷ್ಟರಲ್ಲಿ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ. ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದ್ದರೆ ಸ್ಟಿಯರಿಂಗ್ ಬೀಗವೇ ಬೀಳಬಹುದು.

ತರಗತಿಯಲ್ಲಿ ನಾವು ಹೇಳಿಕೊಡುವ ಲೆಕ್ಕವೊಂದನ್ನು ಇಲ್ಲಿ ಹೇಳಬಹುದು. ಯಾವ ತಡೆಯೂ ಇಲ್ಲದೆ 20 ಮೀಟರ್ ಎತ್ತರವನ್ನು ಇಳಿದು ಬಂದ ವಸ್ತುವಿನ ವೇಗ ಗಂಟೆಗೆ ಸುಮಾರು 71 ಕಿಲೋಮೀಟರ್. ವೇಗಕ್ಕೆ ಭಾರದ ಹಂಗಿಲ್ಲ, ಆದರೆ ಅದನ್ನು ನಿಲ್ಲಿಸುವ ಬ್ರೇಕಿಗೆ ಇದೆ. 30 ಟನ್ ತೂಕದ ಲಾರಿ 20 ಮೀಟರ್ ಇಳಿಯುವಾಗ ಅದರ ವೇಗವನ್ನು ಬ್ರೇಕೊಂದರಿಂದಲೇ ಹಿಡಿದರೆ, ಬ್ರೇಕ್ ಡ್ರಮ್ಮುಗಳು ನುಂಗಬೇಕಾದ ಶಾಖ ಸುಮಾರು 18 ಲೀಟರ್ ತಣ್ಣೀರನ್ನು ಕುದಿಯುವಂತೆ ಮಾಡುವಷ್ಟು. ಪ್ರತಿ 20 ಮೀಟರಿಗೂ ಇಷ್ಟು, ಅಂದರೆ ದೊಡ್ಡದೊಂದು ಬಿಂದಿಗೆ ಕುದಿನೀರು. ಅಷ್ಟು ಶಾಖಕ್ಕೆ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಸುಟ್ಟ ವಾಸನೆ ಬರುತ್ತದೆ, ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ. ಪತ್ರಿಕೆಯಲ್ಲಿ ಮರುದಿನ ‘ಬ್ರೇಕ್ ವಿಫಲ’ ಎಂದು ಅಚ್ಚಾಗುತ್ತದೆ. ಬಹಳಷ್ಟು ಸಲ ಅದು ಬ್ರೇಕಿನ ದೋಷವಾಗಿರುವುದಿಲ್ಲ, ಬ್ರೇಕಿನ ಮೇಲೆ ಹೊರಿಸಿದ ಭಾರದ ಫಲವಾಗಿರುತ್ತದೆ.

ಮಾಡಬೇಕಾದದ್ದು ಸರಳ. ಇಳಿಜಾರು ಆರಂಭವಾಗುವ ಮೊದಲೇ ವೇಗ ತಗ್ಗಿಸಿ ಕೆಳಗಿನ ಗೇರಿಗೆ ಬರಬೇಕು. ಇಳಿಯುತ್ತ ವೇಗ ಹೆಚ್ಚಿದ ಮೇಲೆ ಭಾರದ ಗಾಡಿಯನ್ನು ಕೆಳಗೇರಿಗೆ ತರಲಾಗದು. ಒಂದು ಘಾಟಿಯನ್ನು ಯಾವ ಗೇರಿನಲ್ಲಿ ಏರಬೇಕಾಗುವುದೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಿರಿಯ ಚಾಲಕರ ಮಾತು ಇಂದಿಗೂ ಸರಿಯೇ. ಎಕ್ಸಾಸ್ಟ್ ಬ್ರೇಕ್ ಇರುವ ಲಾರಿಗಳಲ್ಲಿ ಅದನ್ನು ಬಳಸಬೇಕು. ಆಟೋಮ್ಯಾಟಿಕ್ ಕಾರಿನವರು ‘ಡಿ’ಯಲ್ಲಿಯೇ ಬಿಟ್ಟು ಇಳಿಯದೆ, ಅದರಲ್ಲಿರುವ ಕೆಳಗೇರಿನ ಆಯ್ಕೆಯನ್ನು ಮನೆಯಲ್ಲಿಯೇ ಗುರುತಿಸಿಟ್ಟುಕೊಳ್ಳಬೇಕು. ಬ್ರೇಕನ್ನು ಉದ್ದಕ್ಕೂ ಒತ್ತಿಹಿಡಿಯದೆ, ವೇಗ ಹೆಚ್ಚಿದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ತಗ್ಗಿಸಿ ಪೂರ್ತಿ ಬಿಡಬೇಕು. ಬಿಟ್ಟ ಹೊತ್ತಿನಲ್ಲಿ ಡ್ರಮ್ಮು ಆರುತ್ತದೆ. ವಾಸನೆ ಬಂದರೆ ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಕಾಯಬೇಕು. ಬಿಸಿ ಡ್ರಮ್ಮಿಗೆ ನೀರು ಎರಚಬಾರದು, ಅದು ಬಿರುಕು ಬಿಡುತ್ತದೆ.

ಬ್ರೇಕ್ ಕೈಕೊಟ್ಟೇಬಿಟ್ಟರೆ ಎಂಜಿನ್ ನಿಲ್ಲಿಸಬಾರದು. ಸಾಧ್ಯವಾದಷ್ಟು ಕೆಳಗೇರಿಗೆ ತಂದು, ಹಾರ್ನ್ ಒತ್ತಿಹಿಡಿದು, ದೀಪಗಳನ್ನೆಲ್ಲ ಉರಿಸಿ, ಕಾರಾಗಿದ್ದರೆ ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಎಳೆಯಬೇಕು. ಕೊನೆಯ ದಾರಿಯೆಂದರೆ ಗುಡ್ಡದ ಬದಿಗೆ, ಮಣ್ಣಿನ ದಿಬ್ಬಕ್ಕೆ ಉಜ್ಜಿ ನಿಲ್ಲಿಸುವುದು. ಗಾಡಿ ಜಖಂ ಆಗುತ್ತದೆ, ಮುಂದಿರುವವರ ಪ್ರಾಣ ಉಳಿಯುತ್ತದೆ. ಕಾರು, ಬೈಕಿನವರು ಈ ಇಳಿಜಾರಿನಲ್ಲಿ ಭಾರದ ಲಾರಿಗಳ ಮುಂದೆ ತೂರಿ ಹಠಾತ್ ನಿಧಾನಿಸಬಾರದು, ಎರಡು ಲಾರಿಗಳ ನಡುವೆ ಉಳಿಯಬಾರದು. ಇಲ್ಲಿ ರಸ್ತೆಯನ್ನು ನೇರಗೊಳಿಸಿ ಎತ್ತರದ ಸೇತುವೆಯ ಮೇಲೆ ಒಯ್ಯುವ ಯೋಜನೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿದೆ. ಆದರೆ ಎಷ್ಟು ಚೆನ್ನಾದ ರಸ್ತೆಯಲ್ಲಿಯೂ ನ್ಯೂಟ್ರಲ್ ನ್ಯೂಟ್ರಲ್ಲೇ.

ಏರ್ಕಾಡು, ಹೊಗೇನಕಲ್ಲು

ಸೇಲಂನಿಂದ ಏರ್ಕಾಡಿಗೆ ಏರುವ ರಸ್ತೆಯಲ್ಲಿ 20 ಹೇರ್‌ಪಿನ್ ತಿರುವುಗಳಿವೆ. ಇಲ್ಲಿ ಹೆಚ್ಚು ಬೀಳುವವರು ಸ್ಕೂಟರಿನವರು. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ನಿನ ಹಿಡಿತ ಮೊದಲೇ ಕಡಿಮೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ನಿಧಾನವಾದಾಗ ಅದರ ಕ್ಲಚ್ ತಾನೇ ಬಿಟ್ಟುಕೊಂಡು ಗಾಡಿ ನ್ಯೂಟ್ರಲ್‌ನಲ್ಲಿರುವಂತೆಯೇ ಉರುಳುತ್ತದೆ. ಇಬ್ಬರು ಕುಳಿತು, ಒಂದೇ ಬ್ರೇಕನ್ನು ಉದ್ದಕ್ಕೂ ಹಿಡಿದು ಇಳಿದರೆ ಆ ಬ್ರೇಕ್ ಕಾದು ಸೋಲುತ್ತದೆ. ಎರಡೂ ಬ್ರೇಕುಗಳನ್ನು ಸಮವಾಗಿ ಬಳಸಿ, ತಿರುವಿಗೆ ಮುಂಚೆ ನಿಧಾನಿಸಿ, ನಡುವೆ ಎರಡು ಕಡೆಯಾದರೂ ನಿಂತು ಇಳಿಯುವುದು ಉತ್ತಮ. ಏರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು ಬೆಟ್ಟದ ರಸ್ತೆಯ ನಿಯಮ. ನಮ್ಮಲ್ಲಿ ದೊಡ್ಡ ಗಾಡಿಗೆ ಚಿಕ್ಕದು ಬಿಡಬೇಕೆಂಬುದೇ ನಿಯಮವೆಂದು ತಿಳಿದವರು ಬಹಳ. ಮಂಜು ಕವಿದಾಗ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ತಾಗಿ ಕಣ್ಣಿಗೇ ಹಿಂದಿರುಗುತ್ತದೆ. ಆಗ ಲೋಬೀಮ್ ಬೇಕು.

ಪೆನ್ನಾಗರಂನಿಂದ ಹೊಗೇನಕಲ್ಲಿಗೆ ಇಳಿಯುವ ಕಾಡಿನ ರಸ್ತೆಯಲ್ಲಿ ಆನೆ ದಾಟುವುದುಂಟು. ದೂರದಲ್ಲಿಯೇ ನಿಂತು, ಹಾರ್ನ್ ಮಾಡದೆ, ದೀಪ ಮಿನುಗಿಸದೆ, ಅದು ಹೋಗುವವರೆಗೆ ಕಾಯಬೇಕು. ಮೊಬೈಲಿನಲ್ಲಿ ಚಿತ್ರ ತೆಗೆಯಲು ಇಳಿಯುವವರಿಗೆ ಹೇಳುವುದು ನಮ್ಮಲ್ಲಿ ಏನೂ ಇಲ್ಲ.

ಎರಡು ಫರ್ಲಾಂಗಿನ ಆಸೆ

ಹೆದ್ದಾರಿಯ ಪಕ್ಕದ ಊರುಗಳಲ್ಲಿ, ದೀವಟ್ಟಿಪಟ್ಟಿಯಿಂದ ಓಮಲೂರಿನವರೆಗೂ, ದಿನವೂ ಕಾಣುವ ದೃಶ್ಯ: ಹೋಗಬೇಕಾದ ಅಂಗಡಿ ಬಲಗಡೆ ಎರಡು ಫರ್ಲಾಂಗಿನಲ್ಲಿದೆ, ಸರಿಯಾದ ತಿರುವು ಒಂದೆರಡು ಕಿಲೋಮೀಟರ್ ಮುಂದಿದೆ. ಬೈಕು ಎದುರು ದಿಕ್ಕಿನಲ್ಲಿಯೇ ನುಗ್ಗುತ್ತದೆ. ಗಂಟೆಗೆ 80ರಲ್ಲಿ ಬರುವ ಕಾರೂ 40ರಲ್ಲಿ ಹೋಗುವ ಬೈಕೂ ಪರಸ್ಪರ ಹತ್ತಿರವಾಗುವುದು 120ರ ವೇಗದಲ್ಲಿ. ನೂರು ಮೀಟರ್ ಅಂತರ ಕರಗಲು ಮೂರು ಸೆಕೆಂಡು ಸಾಕು. ಸರ್ವೀಸ್ ರಸ್ತೆಯಲ್ಲಿ ಎದುರು ಬಂದರೆ ಪರವಾಗಿಲ್ಲ ಎಂಬುದೂ ತಪ್ಪು. ಮುಖ್ಯ ರಸ್ತೆಯಿಂದ ಅದಕ್ಕೆ ಇಳಿಯುವ ಚಾಲಕ ಹಿಂದಿನಿಂದ ಬರುವವರನ್ನು ನೋಡುತ್ತಿರುತ್ತಾನೆ, ಎದುರು ಯಾರೋ ಬರಬಹುದೆಂದು ನೋಡುವುದಿಲ್ಲ.

ಅಂತರದ ಮಾತನ್ನೂ ಇಲ್ಲಿಯೇ ಹೇಳುತ್ತೇವೆ. ಒಣ ರಸ್ತೆಯಲ್ಲಿ 60ರ ವೇಗದ ಕಾರು ಅಪಾಯ ಕಂಡ ಕ್ಷಣದಿಂದ ನಿಲ್ಲಲು ಸುಮಾರು 37 ಮೀಟರ್ ಬೇಕು, 80ರಲ್ಲಿ ಸುಮಾರು 57 ಮೀಟರ್. ಮುಂದಿನ ಗಾಡಿ ಒಂದು ಕಂಬವನ್ನು ದಾಟಿದ ಮೇಲೆ ಮೂರು ಎಣಿಸಿ ನಾವು ಆ ಕಂಬವನ್ನು ದಾಟುವಂತಿರಬೇಕು. ಮಳೆಯಲ್ಲಿ ಆರು ಎಣಿಸಬೇಕು.

ಲಾರಿಯ ಬಲಗಡೆಯ ಇಂಡಿಕೇಟರ್ ಮಿನುಗಿದರೆ ‘ಹಿಂದಿಕ್ಕಿ ಹೋಗು’ ಎಂದು ಅರ್ಥೈಸುವ ಪದ್ಧತಿ ನಮ್ಮ ರಸ್ತೆಗಳಲ್ಲಿದೆ. ಕಾನೂನಿನಲ್ಲಿ ಅದಕ್ಕಿರುವ ಅರ್ಥ ‘ನಾನು ಬಲಕ್ಕೆ ತಿರುಗುತ್ತೇನೆ’ ಎಂದು. ಒಂದೇ ದೀಪಕ್ಕೆ ಎರಡು ವಿರುದ್ಧ ಅರ್ಥವಿರುವಾಗ ಅದನ್ನು ನಂಬಿ ಹಿಂದಿಕ್ಕಬಾರದು. ಎದುರಿನ ರಸ್ತೆ ನಮ್ಮ ಕಣ್ಣಿಗೇ ಕಾಣಬೇಕು. ಎದುರಿನ ವಾಹನ ದೀಪ ಮಿನುಗಿಸಿದರೆ ಇಲ್ಲಿ ಸಾಮಾನ್ಯವಾಗಿ ‘ನಾನು ಬರುತ್ತಿದ್ದೇನೆ, ನಿಲ್ಲು’ ಎಂದೇ ಅರ್ಥ.

ಕೊಯ್ಲಿನ ದಿನಗಳಲ್ಲಿ ಧರ್ಮಪುರಿಯ ಹಳ್ಳಿ ರಸ್ತೆಗಳೇ ಕಣಗಳಾಗುತ್ತವೆ. ರಾಗಿ ತೆನೆ, ಹುರುಳಿ ಗಿಡಗಳನ್ನು ವಾಹನಗಳ ಚಕ್ರ ತುಳಿಯಲೆಂದು ಹರಡುತ್ತಾರೆ. ಒಣಗಿದ ಹುರುಳಿ ಬಳ್ಳಿಯ ಮೇಲೆ ಬ್ರೇಕ್ ಹಾಕಿದ ಬೈಕು ಎಣ್ಣೆಯ ಮೇಲೆ ಜಾರಿದಂತೆ ಜಾರುತ್ತದೆ. ಕಾರಿನ ಅಡಿಯಲ್ಲಿ ಹುಲ್ಲು ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯೂ ಹತ್ತಬಹುದು. ರೈತರಿಗೆ ಕಣವಿಲ್ಲದ ಕಷ್ಟ ನಮಗೂ ಗೊತ್ತು. ಅದರೂ ರಾತ್ರಿಯಾದ ಮೇಲೆ ರಾಶಿಯನ್ನೂ ಅದರ ಸುತ್ತಲಿನ ಕಲ್ಲುಗಳನ್ನೂ ರಸ್ತೆಯಲ್ಲಿ ಬಿಡುವುದು ಮಾತ್ರ ಒಪ್ಪತಕ್ಕದ್ದಲ್ಲ. ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರಿನ ಹಿಂಬದಿಗೆ ನೂರು ರೂಪಾಯಿಯೊಳಗಿನ ಪ್ರತಿಫಲಕ ಪಟ್ಟಿ ಅಂಟಿಸಿದರೂ ಸಾಕು.

ಶಾಲೆಯ ಬಾಗಿಲಲ್ಲಿ

ಉಪಾಧ್ಯಾಯರಾಗಿ ನಾವು ಪ್ರತಿ ಬೆಳಗ್ಗೆ ನೋಡುವುದು ಇದನ್ನು. ಒಂದು ಸ್ಕೂಟರಿನಲ್ಲಿ ತಂದೆ, ಮುಂದೆ ನಿಂತ ಮಗು, ಹಿಂದೆ ಇಬ್ಬರು. ಹೆಲ್ಮೆಟ್ ಕನ್ನಡಿಗೆ ತೂಗುಬಿದ್ದಿದೆ, ಪೊಲೀಸರು ಕಂಡಾಗ ತಲೆಗೆ ಬರುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕಾಲೇಜಿಗೆ ಸೇರಿದ ವರ್ಷವೇ ಮಳೆಯ ಸಂಜೆ ಬೈಕಿನಿಂದ ಬಿದ್ದ. ಹೆಲ್ಮೆಟ್ ಇತ್ತು, ಪಟ್ಟಿ ಕಟ್ಟಿರಲಿಲ್ಲ. ಅವನಿಗಿಂತ ಮೊದಲೇ ಅದು ರಸ್ತೆಯ ಆಚೆ ಹೋಗಿ ಬಿದ್ದಿತ್ತು. ಅವನು ಬದುಕಿದ್ದಾನೆ, ಆದರೆ ನಮ್ಮ ಹೆಸರುಗಳು ಅವನ ನೆನಪಿಗೆ ಬರುವುದಿಲ್ಲ. ಐಎಸ್‌ಐ ಗುರುತಿನ ಹೆಲ್ಮೆಟ್ಟನ್ನು ಕೊಂಡರೆ ಸಾಲದು, ಗಲ್ಲದ ಕೆಳಗೆ ಎರಡು ಬೆರಳು ಮಾತ್ರ ತೂರುವಷ್ಟು ಬಿಗಿಯಾಗಿ ಪಟ್ಟಿ ಕಟ್ಟಬೇಕು ಎಂದು ಅಂದಿನಿಂದ ಪ್ರತಿ ತರಗತಿಯಲ್ಲಿಯೂ ಹೇಳುತ್ತಿದ್ದೇವೆ.

ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬ ಸವಾರನಿಗೂ, ಹಿಂದೆ ಕುಳಿತವರಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮದಂತೆ ಮಗುವನ್ನು ಸವಾರನಿಗೆ ಬಿಗಿದು ಕಟ್ಟುವ ಪಟ್ಟಿ, ಮಗುವಿನ ಹೆಲ್ಮೆಟ್ ಎರಡೂ ಬೇಕು, ವೇಗ 40ನ್ನು ಮೀರಬಾರದು.

ಹದಿನೆಂಟು ತುಂಬದ ಮಕ್ಕಳ ಕೈಗೆ ಗಾಡಿ ಕೊಡುವುದು ಇನ್ನೊಂದು. ಎಕ್ಸ್‌ಎಲ್‌ಗೆ ಲೈಸೆನ್ಸ್ ಬೇಡ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಹದಿನಾರಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿಯೊಳಗಿನ ಗೇರಿಲ್ಲದ ಗಾಡಿಗೆ ಮಾತ್ರ. ಎಕ್ಸ್‌ಎಲ್ 100ರ ಎಂಜಿನ್ ಸುಮಾರು 100 ಸಿಸಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಅಪ್ರಾಪ್ತರು ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಒಡೆಯರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಶಾಲೆ ದೂರ, ಬಸ್ಸು ಹೊತ್ತಿಗೆ ಬರುವುದಿಲ್ಲ ಎಂಬ ತಂದೆತಾಯಿಯರ ಅಳಲು ಸುಳ್ಳಲ್ಲ. ಅದಕ್ಕೆ ಬಸ್ಸನ್ನು ಕೇಳೋಣ, ಊರಿನವರೆಲ್ಲ ಸಹಿ ಹಾಕಿ ಕೇಳೋಣ. ನಾವು ಮನವಿ ಬರೆದುಕೊಡಲು ಸಿದ್ಧರಿದ್ದೇವೆ.

ಫಲಕದ ಮಾತುಗಳು

ಇಲ್ಲಿಯೇ ಓದಿದ ಕನ್ನಡಿಗರಿಗೆ ತಮಿಳು ಫಲಕಗಳು ತೊಡಕಲ್ಲ. ಗಡಿಯಾಚೆಯ ನೆಂಟರಿಗೆ, ಕರ್ನಾಟಕದ ಲಾರಿ ಚಾಲಕರಿಗೆ ತೊಡಕು. ಅವರಿಗೆ ಹೇಳಿಕೊಡಬೇಕಾದ ಕೆಲವು ಮಾತುಗಳಿವೆ. ‘ಮೆದುವಾಗ ಸೆಲ್ಲವುಂ’ ಎಂದರೆ ನಿಧಾನವಾಗಿ ಹೋಗಿ. ‘ವಿಬತ್ತು ಪಗುದಿ’ ಅಪಘಾತ ವಲಯ. ‘ವೇಗತ್ತಡೈ’ ರಸ್ತೆ ಉಬ್ಬು. ‘ಕೊಂಡೈ ಊಸಿ ವಳೈವು’ ಹೇರ್‌ಪಿನ್ ತಿರುವು. ‘ಇರಕ್ಕಂ’ ಇಳಿಜಾರು. ‘ಮಾಟ್ರುಪ್ ಪಾದೈ’ ಬದಲಿ ದಾರಿ. ‘ಮುಂದಾದೀರ್’ ಎಂದರೆ ಹಿಂದಿಕ್ಕಬೇಡಿ. ಕನ್ನಡದ ‘ಮುಂದೆ’ಯ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ. ‘ಪಳ್ಳಿ’ ಹಳ್ಳಿಯಲ್ಲ, ಶಾಲೆ. ‘ಇಡದು’ ಎಡ, ‘ವಲದು’ ಬಲ. ಬರೆದದ್ದು ತಮಿಳು ಲಿಪಿಯಲ್ಲಿಯಾದ್ದರಿಂದ ಜೊತೆಯಲ್ಲಿ ಓದಬಲ್ಲವರೊಬ್ಬರು ಕುಳಿತಿದ್ದರೆ ಒಳ್ಳೆಯದು. ದಾರಿ ಕೇಳುವಾಗಲಂತೂ ಈ ಮಾತುಗಳು ಒದಗುತ್ತವೆ. ಘಾಟಿಯ ತಲೆಯಲ್ಲಿ ‘ಕೆಳಗೇರಿನಲ್ಲಿ ಇಳಿಯಿರಿ’ ಎಂಬ ಎಚ್ಚರಿಕೆ ಆ ರಸ್ತೆಯಲ್ಲಿ ಓಡಾಡುವ ಎಲ್ಲ ಭಾಷೆಗಳಲ್ಲಿ, ಕನ್ನಡದಲ್ಲಿಯೂ, ದೊಡ್ಡ ಅಕ್ಷರದಲ್ಲಿರಬೇಕೆಂದು ನಾವು ಕೇಳುತ್ತೇವೆ. ಕರ್ನಾಟಕದ ಲಾರಿ ಅದನ್ನು ಓದಿದರೆ ಉಳಿಯುವ ಜೀವ ತಮಿಳರದೂ ಆಗಿರುತ್ತದೆ.

ಅಪಘಾತವಾದ ಮೇಲೆ

ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ನೆರವಿಗೆ 1033. ಕರೆ ಮಾಡಿದಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನೂ, ಗಾಡಿ ಸೇಲಂ ಕಡೆಗೆ ಹೋಗುತ್ತಿತ್ತೋ ಧರ್ಮಪುರಿ ಕಡೆಗೋ ಎಂಬುದನ್ನೂ ಹೇಳಬೇಕು. ನಡುವೆ ವಿಭಜಕವಿರುವ ರಸ್ತೆಯಲ್ಲಿ ದಿಕ್ಕು ತಪ್ಪಿದರೆ ಅಮೂಲ್ಯವಾದ ನಿಮಿಷಗಳು ಹೋಗುತ್ತವೆ. ಬಿದ್ದವರ ಹೆಲ್ಮೆಟ್ಟನ್ನು ಎಳೆದು ತೆಗೆಯುವುದು, ಬಾಯಿಗೆ ನೀರು ಹಾಕುವುದು ಎರಡೂ ಬೇಡ. ರಕ್ತ ಸುರಿಯುವ ಜಾಗವನ್ನು ಶುಭ್ರ ಬಟ್ಟೆಯಿಂದ ಒತ್ತಿಹಿಡಿಯಬೇಕು.

ನೆರವಾದವರನ್ನು ಪೊಲೀಸರು ಕಾಡುತ್ತಾರೆಂಬ ಹೆದರಿಕೆಗೆ ಈಗ ಆಧಾರವಿಲ್ಲ. ಸುಪ್ರೀಂ ಕೋರ್ಟಿನ 2016ರ ಆದೇಶ, ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ಎರಡೂ ಅವರ ರಕ್ಷಣೆಗಿವೆ. ಹೆಸರು ಹೇಳಲೇಬೇಕೆಂಬ ಬಲವಂತವೂ ಇಲ್ಲ. ತಮಿಳುನಾಡು ಸರ್ಕಾರ 2021ರ ಡಿಸೆಂಬರ್ 18ರಂದು ಆರಂಭಿಸಿದ ‘ಇನ್ನುಯಿರ್ ಕಾಪ್ಪೋಂ – ನಮ್ಮೈ ಕಾಕ್ಕುಂ 48’ ಯೋಜನೆಯಲ್ಲಿ, ಈ ರಾಜ್ಯದೊಳಗೆ ರಸ್ತೆ ಅಪಘಾತಕ್ಕೆ ಸಿಲುಕಿದವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆ, ನಿಗದಿಯಾದ ಮೊತ್ತದವರೆಗೆ, ಯೋಜನೆಗೆ ಸೇರಿದ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಉಚಿತ. ಗಾಯಾಳು ಬೇರೆ ರಾಜ್ಯದವರಾದರೂ ಇದು ಸಲ್ಲುತ್ತದೆ. ಘಾಟಿಯ ಮೇಲ್ಭಾಗದಲ್ಲಿದ್ದರೆ ಧರ್ಮಪುರಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಓಮಲೂರು ಕಡೆಯಾದರೆ ಸೇಲಂನ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ. ಕರ್ನಾಟಕದಿಂದ ಬಂದ ಬಂಧುಗಳು ಗಾಯಗೊಂಡಾಗ ‘ಇಲ್ಲಿಯ ಕಾರ್ಡಿಲ್ಲ, ಬೆಂಗಳೂರಿಗೇ ಒಯ್ಯೋಣ’ ಎಂದು ಗಾಡಿ ಹುಡುಕುತ್ತ ನಿಲ್ಲಬಾರದು. ಮೊದಲು ಇವುಗಳಲ್ಲೊಂದಕ್ಕೆ ಸೇರಿಸಿ, ಈ ಯೋಜನೆಯ ಹೆಸರನ್ನು ಹೇಳಿ ಕೇಳಬೇಕು.